ಊರಿಗೆಲ್ಲ ಹೆಸರು ಹಾಕುವ ಗುಲ್ಜಾರ್ ಬೀ

ಕೊಟ್ಟೂರಿನ ಬಜಾರಿಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಉಜ್ಜಿನಪ್ಪನ ಪಾತ್ರೆ ಅಂಗಡಿಯ ಬಾಗಿಲಿನ ಒಂದೇ ಹಲಗೆ ತೆಗೆದಿದೆ. ಹೊರಗಿನ ಕಟ್ಟೆಯ ಮೇಲೆ ಗೋಣಿತಾಟು ಹಾಸಿಕೊಂಡು, ಎರಡು ಪಾದಗಳ ನಡುವೆ ಹಿತ್ತಾಳೆ ಕೊಡವೊಂದನ್ನು ಇರುಕಿಸಿಕೊಂಡು ಗುಲ್ಜಾರ್ ಬೀ ಕೂತಿದ್ದಾರೆ. ಎಡಗೈಯಲ್ಲಿ ಬೆರಳುದ್ದದ ಉಳಿ, ಬಲಗೈಯಲ್ಲಿ ಹಿಡಿ ಸವೆದ ಸುತ್ತಿಗೆ. ಟಿಕ್, ಟಿಕ್, ಟಿಕ್. ಒಂದೊಂದು ಏಟಿಗೂ ಸಾಸಿವೆಯಷ್ಟು ಚುಕ್ಕೆ. ಚುಕ್ಕೆಗೆ ಚುಕ್ಕೆ ಕೂಡಿ ಅಕ್ಷರ, ಅಕ್ಷರಕ್ಕೆ ಅಕ್ಷರ ಕೂಡಿ ಒಬ್ಬರ ಹೆಸರು. ಇಂಥ ಹನ್ನೊಂದು ಪಾತ್ರೆ ಏಳು ಗಂಟೆಯೊಳಗೆ ಮುಗಿಯಬೇಕು. ಏಳೂಕಾಲಿಗೆ ಕೂಡ್ಲಿಗಿ ಬಸ್ಸು. ಹತ್ತಕ್ಕೆ ಕೂಡ್ಲಿಗಿಯಲ್ಲಿ ದೊಡ್ಡ ಮಗಳು ಶರ್ಫುನ್ನೀಸಾಳ ಏಳನೇ ಇಯತ್ತೆಯ ಪಬ್ಲಿಕ್ ಪರೀಕ್ಷೆ.

ಪಾತ್ರೆಗಳು ಜಂಬಕ್ಕನವು. ಮೊಮ್ಮಗಳ ಮದುವೆ ಇವತ್ತೇ, ಕಾನಹೊಸಹಳ್ಳಿಯಲ್ಲಿ. ಮುಯ್ಯಿ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಊರು, ತಾರೀಖು ಇರದಿದ್ದರೆ ಈ ಸೀಮೆಯಲ್ಲಿ ಅದು ಮುಯ್ಯಿಯೇ ಅಲ್ಲ. ಜಂಬಕ್ಕ ಕೊಡದ ಕಂಠ ಹಿಡಿದುಕೊಂಡು, ಎಲೆಯಡಿಕೆ ಮೆಲ್ಲುತ್ತ ಉಳಿಯ ತುದಿಯನ್ನೇ ನೋಡುತ್ತಿದ್ದಾಳೆ.

“ಏ ಗುಲ್ಜಾರವ್ವ, ಪರೀಕ್ಷಿ ಮಗಳಿಗೋ ನಿನಗೋ? ಕೈ ನಡಗಾಕತ್ಯಾವಲ್ಲ.”

“ನಡಗೂದು ಕೈಯಲ್ಲ ಜಂಬಕ್ಕ, ಕೊಡ. ನೀ ಸ್ವಲ್ಪ ಗಟ್ಯಾಗಿ ಹಿಡಿ.”

“ನನ್ನ ಹೆಸರು ವಾರಿ ಆತಂದ್ರ ಬೀಗರ ಮುಂದ ನನ್ನ ಮಾರಿನೂ ವಾರಿ ಆಗ್ತೈತಿ, ನೋಡಿಕೋ!”

ಗುಲ್ಜಾರ್ ಬೀ ನಗುತ್ತಾರೆ. ಆದರೆ ಕಣ್ಣು ಉಳಿಯ ತುದಿ ಬಿಟ್ಟು ಮಗಳ ಕಡೆಗೆ ಹೋಗುತ್ತದೆ. ಉಳಿ ಹಿಡಿದ ಹನ್ನೆರಡು ವರ್ಷದಲ್ಲಿ ಇದೇ ಮೊದಲು. ಕಟ್ಟೆಯ ಇನ್ನೊಂದು ತುದಿಯಲ್ಲಿ ಶರ್ಫುನ್ನೀಸಾ ಪುಸ್ತಕ ಹಿಡಿದು ಕೂತಿದ್ದಾಳೆ. ಹದಿನಾಲ್ಕು ವರ್ಷ. ತುಟಿ ಅಲ್ಲಾಡುತ್ತಿವೆ, ಪುಟ ಮಾತ್ರ ತಿರುಗುತ್ತಿಲ್ಲ. ಹೋದ ವರ್ಷ ಫೇಲಾದವಳು. ಈ ವರ್ಷವೂ ಪಾಸಾಗಲಿಲ್ಲವೆಂದರೆ ಪುಸ್ತಕದ ಚೀಲ ಗೂಟಕ್ಕೆ, ಹುಡುಗಿ ಈ ಕಟ್ಟೆಗೆ. ಮನೆಯಲ್ಲಿ ಎಲ್ಲರೂ ಕೂತು ಆಡಿಕೊಂಡ ಮಾತು ಅದು. ಅಮ್ಮನೂ ಹೂಂ ಅಂದಿದ್ದಾರೆ.

ಈ ಕಟ್ಟೆ ಮೊದಲು ಗುಲ್ಜಾರ್ ಬೀಯವರ ಗಂಡ ಮಾಬುಸಾಬ್‌ ಅವರದು. ಬಿಸಿಲಿಗೆ ಫಳಫಳ ಹೊಳೆಯುವ ಲೋಹವನ್ನೇ ಇಪ್ಪತ್ತು ವರ್ಷ ದಿಟ್ಟಿಸಿ ಅವರ ಕಣ್ಣು ಮಬ್ಬಾದವು. ಈಗ ಮನುಷ್ಯರ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಉಳಿ ಹೆಂಡತಿಯ ಕೈಗೆ ಬಂತು. ನಾಲ್ಕನೇ ಇಯತ್ತೆವರೆಗೆ ಓದಿದ ಗುಲ್ಜಾರ್ ಬೀ, ಗಂಡ ಹೇಳಿಕೊಟ್ಟಂತೆ ಹಳೆ ಡಬ್ಬಿಯ ತಗಡಿನ ಮೇಲೆ ಮೂರು ತಿಂಗಳು ಚುಕ್ಕೆ ಹೊಡೆದು ಕಲಿತರು. ಮದುವೆ ಹಂಗಾಮಿನಲ್ಲಿ ದಿನಕ್ಕೆ ನಲವತ್ತು ಪಾತ್ರೆ, ಏನಿಲ್ಲವೆಂದರೂ ಆರುನೂರು ಅಕ್ಷರ. ಈಗ ಸ್ಟೀಲು ಬಂದಿದೆ, ಅದು ಹಿತ್ತಾಳೆಗಿಂತ ಗಡಸು, ಉಳಿಯ ಮೊನೆ ದಿನಕ್ಕೆರಡು ಸಲ ಹೋಗುತ್ತದೆ. ಹರಪನಹಳ್ಳಿಯ ಅಂಗಡಿಯೊಂದಕ್ಕೆ ಕರೆಂಟಿನ ಮಿಷನ್ನೂ ಬಂದಿದೆಯಂತೆ. ಪೆನ್ನು ಹಿಡಿದಂತೆ ಹಿಡಿದರೆ ಝುಂಯ್ ಎಂದು ಹೆಸರು ಬರೆಯುತ್ತದಂತೆ. ಮಗಳ ಕೈಗೆ ಉಳಿ ಬರುವ ಹೊತ್ತಿಗೆ ಉಳಿಗೇ ಕೆಲಸ ಇರುತ್ತದೋ ಇಲ್ಲವೋ. ಇದನ್ನು ಗುಲ್ಜಾರ್ ಬೀ ಯಾರೊಂದಿಗೂ ಆಡುವುದಿಲ್ಲ. ಮಿಷನ್ನಿನ ಮಾತು ಬಂದರೆ ಸುತ್ತಿಗೆಯ ಸದ್ದು ಮಾತ್ರ ಸ್ವಲ್ಪ ಜೋರಾಗುತ್ತದೆ.

ಈ ಮನೆಯ ಹೆಣ್ಣುಮಕ್ಕಳಿಬ್ಬರೂ ಓದುವುದು ಮನೆಯಲ್ಲೇ. ಶಾಲೆಗೇಕೆ ಹೋಗಲಿಲ್ಲ ಎಂದು ಕೇಳುವವರಿಗೆ ಬರವಿಲ್ಲ. ದೊಡ್ಡವಳು ಹೋಗಿದ್ದಳು. ಶರ್ಫುನ್ನೀಸಾ ಎರಡೂವರೆ ವರ್ಷ ಹೋದಳು. ಮಾಘದಿಂದ ವೈಶಾಖದವರೆಗೆ ಮದುವೆ. ಆ ನಾಲ್ಕು ತಿಂಗಳು ಈ ಕುಟುಂಬ ಉಜ್ಜಿನಪ್ಪನ ಪಾತ್ರೆಗಳ ಜೊತೆ ಹಡಗಲಿ, ಹರಪನಹಳ್ಳಿ ಸೀಮೆಯ ಅರಸೀಕೆರೆ, ಹಗರಿಬೊಮ್ಮನಹಳ್ಳಿ ಎಂದು ಸಂತೆಯಿಂದ ಸಂತೆಗೆ ತಿರುಗುತ್ತದೆ. ವರ್ಷದ ಅನ್ನ ಆ ನಾಲ್ಕು ತಿಂಗಳಲ್ಲೇ ಹುಟ್ಟಬೇಕು. ಸರ್ಕಾರದ ಪರೀಕ್ಷೆಯೂ ಆಗಲೇ. ಎರಡನ್ನೂ ಒಂದೇ ಕಾಲಕ್ಕೆ ತಂದಿಟ್ಟವರು ಯಾರೋ ಏನೋ, ಸಂತೆಯ ಬಿಸಿಲಲ್ಲಿ ಕೂತು ಒಂದು ಹೊತ್ತು ಬುತ್ತಿ ಬಿಚ್ಚಿದವರಂತೂ ಅಲ್ಲ. ಹಾಜರಿ ಪುಸ್ತಕದಲ್ಲಿ ಸಾಲುಸಾಲು ಗೈರುಹಾಜರಿ ಬಿತ್ತು. ಒಂದು ದಿನ ಕೆಂಪು ಶಾಯಿಯ ಗೀಟು ಎಳೆದು ಹೆಸರನ್ನೇ ತೆಗೆದುಹಾಕಿದರು. ಹುಡುಗಿಗೆ ಎಂಟು ವರ್ಷ.

“ಕೇಳಾಕ ಹೋದ್ನಿರಿ,” ಎನ್ನುತ್ತಾರೆ ಗುಲ್ಜಾರ್ ಬೀ. “ಹೆಡ್‌ಮಾಸ್ತರು ‘ಪಾತ್ರಿ ಬಡಿಯೋರಿಗೆ ಪಾಠ ಯಾಕಬೇಕಮ್ಮ’ ಅಂದ್ರು. ಅವರ ಮನಿ ಹಂಡೆ ಮ್ಯಾಲೆ ಅವರ ಹೆಸರು ಹಾಕಿದಾಕಿ ನಾನ. ಒಂದು ಚುಕ್ಕಿನೂ ಆಚೀಚೆ ಇಲ್ಲ, ಹೋಗಿ ನೋಡ್ರಿ ಬೇಕಾದ್ರ.”

ಅವತ್ತಿನಿಂದ ಶಾಲೆ ಮನೆಗೆ ಬಂತು. ಮನೆ ಎಂದರೆ ಒಂದೂವರೆ ಅಂಕಣದ ಪುಟ್ಟ ಮಣ್ಣಿನ ಮಾಳಿಗೆ ಮನೆ. ಹಂಗಾಮಿನಲ್ಲಿ ಅದೂ ಇಲ್ಲ, ಸಂತೆಯ ಬೇವಿನ ಮರವೇ ಶಾಲೆ. ಬೆಳಗಿನ ರೊಟ್ಟಿಗೆ ಮುಂಚೆ ಒಂದು ತಾಸು, ಸಂಜೆ ದೀಪ ಹಚ್ಚುವ ತನಕ ಇನ್ನೊಂದು ತಾಸು. ಮನೆಮಾತು ಉರ್ದು, ಪಾಠದ ಹೊತ್ತಿಗೆ ಮಾತ್ರ ಕನ್ನಡ. ಮರೆತು ಉರ್ದು ಆಡಿದವರು ನೀರು ತರಬೇಕು. ಹೆಚ್ಚು ಸಲ ನೀರು ಹೊತ್ತವರು ಮಾಬುಸಾಬ್‌. ಒಂಬತ್ತು ವರ್ಷದ ಚಿಕ್ಕ ಮಗಳು ಮುಮ್ತಾಜ್ ಅಕ್ಷರ ಕಲಿತದ್ದು ಪಾತ್ರೆಗಳ ಮೇಲೆ, ಲೆಕ್ಕ ಕಲಿತದ್ದು ಹೆಸರಿನ ಅಕ್ಷರ ಎಣಿಸಿ, ತಾಲೂಕುಗಳನ್ನು ಕಲಿತದ್ದು ಬಸ್ಸಿನ ಬೋರ್ಡು ಓದಿ. ಪಾತ್ರೆ ಸುತ್ತಿ ಕೊಡಲು ಉಜ್ಜಿನಪ್ಪ ತೂಕಕ್ಕೆ ತರಿಸುವ ರದ್ದಿಯಲ್ಲಿ ಹಳೆಯ ಪಠ್ಯಪುಸ್ತಕಗಳು ಬರುತ್ತವೆ. ಅವೇ ಇವರ ಪುಸ್ತಕ. ಮಕ್ಕಳು ಗಟ್ಟಿಯಾಗಿ ಓದಬೇಕು, ಮಾಬುಸಾಬ್‌ ಕಣ್ಣುಮುಚ್ಚಿ ಕೇಳಬೇಕು. ಮಾರನೆಯ ದಿನ ಪ್ರಶ್ನೆ ಅವರದು. ಕಣ್ಣಿಲ್ಲದವರಿಗೆ ನೆನಪು ದೊಡ್ಡದು. ಒಂದು ಸಾಲು ಹಾರಿಸಿದರೂ ಸಿಕ್ಕಿಬೀಳುತ್ತಾರೆ.

ಏಳನೇ ಇಯತ್ತೆಯ ಪರೀಕ್ಷೆಗೆ ಹೊರಗಿನಿಂದಲೂ ಕೂರಬಹುದೆಂಬ ಸುದ್ದಿ ತಂದವನು ಉಜ್ಜಿನಪ್ಪ. ಪಾಸಾದರೆ ಊರಿನ ಹೈಸ್ಕೂಲಿನಲ್ಲಿ ನೇರ ಎಂಟನೆಗೆ ಸೇರಿಸಿಕೊಳ್ಳುತ್ತಾರೆ. ಹೋದ ವರ್ಷ ಶರ್ಫುನ್ನೀಸಾ ಕೂತಳು. ಉಳಿದೆಲ್ಲ ವಿಷಯ ಹೇಗೋ ದಾಟಿದಳು. ಬರೆಯುವುದು ಬಹಳವಿರುವ ಸಮಾಜ ವಿಜ್ಞಾನದಲ್ಲಿ ನೂರಕ್ಕೆ ಮೂವತ್ತೊಂದು. ಬೇಕಾದದ್ದು ಮೂವತ್ತೈದು. ಇವತ್ತು ಮತ್ತೆ ಬರೆಯಬೇಕಾದದ್ದು ಅದೊಂದೇ ವಿಷಯ.

ಉತ್ತರ ಬಾರದೆ ಹಾಗಾಗಲಿಲ್ಲ. ಹನ್ನೆರಡು ಪ್ರಶ್ನೆಗೂ ಉತ್ತರ ಬರುತ್ತಿತ್ತು. ಬರೆದದ್ದು ಐದು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಈ ಮನೆಯ ಕಟ್ಟಳೆ ಒಂದೇ: ಏಟು ಹಾಕುವ ಮುಂಚೆ ಮೂರು ಸಲ ಓದಬೇಕು. ಹಿತ್ತಾಳೆಯ ಮೇಲೆ ಬಿದ್ದ ಚುಕ್ಕೆಯನ್ನು ದೇವರೂ ಅಳಿಸಲಾರ. ಹಿಂದೆ ಇಟ್ಟಿಗಿ ಎಂಬ ಊರಿನ ಒಂದು ಮದುವೆಯಲ್ಲಿ ಮಾಬುಸಾಬ್‌ ತಮ್ಮನೊಬ್ಬ ಕೊಟ್ಟ ಹಂಡೆಗೆ ಅವನ ಅಣ್ಣನ ಹೆಸರು ಹಾಕಿಬಿಟ್ಟಿದ್ದರು. ಹಂದರದ ಕೆಳಗೇ ಅಣ್ಣತಮ್ಮಂದಿರು ಕೊರಳಪಟ್ಟಿ ಹಿಡಿದುಕೊಂಡರು. ಆ ಹಂಡೆ ಇವತ್ತಿಗೂ ಈ ಮನೆಯ ಬಚ್ಚಲಲ್ಲಿದೆ. ಅದರ ಮುಂದೆ ಸ್ನಾನ ಮಾಡಿ ಬೆಳೆದವಳು ಶರ್ಫುನ್ನೀಸಾ. ಪರೀಕ್ಷೆಯ ಕಾಗದವೂ ಅವಳಿಗೆ ಹಿತ್ತಾಳೆಯೇ. ಒಂದೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಮೂರು ಸಲ ಓದಿ, ಆಮೇಲೆ ಪೆನ್ನು ಒತ್ತಿದಳು. ಒತ್ತಿದ್ದು ಎಷ್ಟೆಂದರೆ ಮೂರು ಕಡೆ ಕಾಗದ ತೂತಾಗಿತ್ತು.

“ಅಕಿ ಫೇಲಾಗಿದ್ದಲ್ರಿ, ನಾ ಫೇಲಾಗಿದ್ದು,” ಎನ್ನುತ್ತಾರೆ ಗುಲ್ಜಾರ್ ಬೀ. “ತಪ್ಪು ಮಾಡಬ್ಯಾಡ, ಮಾಡಬ್ಯಾಡ ಅಂತ ಕಲಿಸಿದ್ನಿ. ಮಾಡಿದ್ರ ಮುಂದೇನು ಅಂತ ಕಲಿಸಲೇ ಇಲ್ಲ.”

ಹೇಳಿದರೆ ಹುಡುಗಿಯ ತಲೆಗೆ ಹತ್ತಲಿಲ್ಲ. ತಪ್ಪಾದರೆ ಗೀಟು ಎಳೆದು ಮುಂದೆ ಹೋಗು ಎಂದರೆ ಬೆವರುತ್ತಿದ್ದಳು. ಗೀಟು ಎಂದರೆ ಅವಳಿಗೆ ಗೊತ್ತಿದ್ದದ್ದು ಕೆಂಪು ಶಾಯಿಯದೊಂದೇ. ಕಡೆಗೆ ಈ ಫೆಬ್ರವರಿಯ ಒಂದು ಮುಂಜಾನೆ ಗುಲ್ಜಾರ್ ಬೀ ಟ್ರಂಕಿನ ತಳದಿಂದ ತಾಮ್ರದ ತಂಬಿಗೆಯೊಂದನ್ನು ತೆಗೆದರು. ತವರಿನಿಂದ ಬಂದದ್ದು. ಅವರ ತಾಯಿ ಕೊಟ್ಟ ಪಾತ್ರೆಗಳಲ್ಲಿ ಉಳಿದಿರುವುದು ಅದೊಂದೇ. ಅದರ ಮೇಲೆ ಬರೀ ಗುಲ್ಜಾರ್ ಬೀ ಎಂಬ ಹೆಸರಿತ್ತು, ಊರಿರಲಿಲ್ಲ. ಮಕ್ಕಳನ್ನು ಮುಂದೆ ಕೂರಿಸಿಕೊಂಡು ಉಳಿ ಹಿಡಿದರು. ಮುಗಿದ ಮೇಲೆ ಮಾಬುಸಾಬ್‌ ಬೆರಳಾಡಿಸಿ ನೋಡಿದರು.

“ಗುಲ್ಜಾರ್ ಬೀ... ದಿಲ್ಲಿ? ಏ, ಹುಚ್ಚು ಹಿಡದೈತೇನು ನಿನಗ? ನೀ ಹಡಗಲಿನ ಸರಿಯಾಗಿ ನೋಡಿಲ್ಲ!”

“ತಪ್ಪಾತು,” ಎಂದರು ಗುಲ್ಜಾರ್ ಬೀ. ದಿಲ್ಲಿಯ ಮೇಲೆ ಅಡ್ಡ ಒಂದು ಗೀಟು ಹೊಡೆದರು. ಪಕ್ಕದಲ್ಲಿ ಕೊಟ್ಟೂರು ಎಂದು ಹಾಕಿದರು. ಶರ್ಫುನ್ನೀಸಾ ಬಾಯಿಗೆ ಓಢಣಿ ಒತ್ತಿಕೊಂಡು ಅಳುತ್ತಿದ್ದಳು, ಯಾರೋ ಸತ್ತಂತೆ. ತಾಯಿ ತಂಬಿಗೆಯ ತುಂಬ ನೀರು ತುಂಬಿ ಅವಳ ಕೈಗೆ ಕೊಟ್ಟರು.

“ಸೋರ್ತೈತೇನು?”

“ಇಲ್ಲಮ್ಮೀ.”

“ಹಂಗಾರ ಕುಡಿ.”

ಪರೀಕ್ಷೆಗೆಂದು ಈ ಹಂಗಾಮು ಸಂತೆ ಬಿಟ್ಟು ಊರಲ್ಲೇ ಉಳಿದಿದ್ದರು; ಅವತ್ತಿನಿಂದ ದಿನವೂ ಉಜ್ಜಿನಪ್ಪನ ಅಂಗಡಿಯ ಟೈಂಪೀಸು ಸಂಜೆ ಇವರ ಮನೆಗೆ ಬಂತು. ದಿನಕ್ಕೊಂದು ಗೀಟಾದರೂ ಇರಲೇಬೇಕು, ಇರದಿದ್ದರೆ ನೀರು ತರಬೇಕು. ಐದು ಪ್ರಶ್ನೆ ಏಳಾಯಿತು, ಏಳು ಒಂಬತ್ತಾಯಿತು. ಮೊನ್ನೆ ಹನ್ನೊಂದಕ್ಕೆ ಬಂದು ನಿಂತಿದೆ. ಹನ್ನೆರಡನೆಯದು ಒಮ್ಮೆಯೂ ಮುಗಿದಿಲ್ಲ.

ಏಳು ಗಂಟೆಗೆ ಐದು ನಿಮಿಷ. ಹನ್ನೊಂದನೆಯ ಪಾತ್ರೆಯ ಮೇಲೆ ತಾರೀಖಿನ ಕೊನೆಯ ಅಂಕಿ ಬೀಳುತ್ತದೆ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಗುಲ್ಜಾರ್ ಬೀ ಮಗಳ ರಟ್ಟೆ ಹಿಡಿದು ಬಸ್‌ ಸ್ಟ್ಯಾಂಡಿಗೆ ಓಡುತ್ತಾರೆ. ಅಲ್ಲಿ ಬಸ್ಸಿಲ್ಲ. ಏಳೂವರೆಗೂ ಇಲ್ಲ. ಏಳೂಕಾಲರ ಬಸ್ಸು ಯಾವುದೋ ಮದುವೆ ದಿಬ್ಬಣಕ್ಕೆ ಬಾಡಿಗೆ ಹೋಗಿದೆ, ಮುಂದಿನದು ಒಂಬತ್ತಕ್ಕೆ ಎನ್ನುತ್ತಾನೆ ಟೀ ಅಂಗಡಿಯವ. ಒಂಬತ್ತರ ಬಸ್ಸು ಹಳ್ಳಿಹಳ್ಳಿ ನಿಂತು ಕೂಡ್ಲಿಗಿ ಮುಟ್ಟುವಾಗ ಹತ್ತೂವರೆ. ಶರ್ಫುನ್ನೀಸಾಳ ಮುಖ ಬಿಳಿಚಿಕೊಳ್ಳುತ್ತದೆ. ಶಾಲೆಯ ಹಾಜರಿಯನ್ನು ತಿಂದ ಮದುವೆ ಹಂಗಾಮು ಈಗ ಬಸ್ಸನ್ನೂ ತಿಂದಿದೆ.

ಎಂಟೂವರೆಯ ಹೊತ್ತಿಗೆ ಹಾರ್ನು ಹೊಡೆಯುತ್ತ ಲಾರಿಯೊಂದು ಬರುತ್ತದೆ. ಮೇಲೆ ಹಾಸಿಗೆ, ಮಂಚ, ಹೆಂಗಸರು, ಮಕ್ಕಳು, ಆ ಹನ್ನೊಂದು ಪಾತ್ರೆ. ನಡುವೆ ಜಂಬಕ್ಕ. ಕಾನಹೊಸಹಳ್ಳಿಗೆ ಕೂಡ್ಲಿಗಿ ದಾಟಿಯೇ ಹೋಗಬೇಕು.

“ಏನು ಗೊಂಬಿ ನಿಂತಂಗ ನಿಂತೀರಿ? ಹತ್ರಿ! ಯವ್ವಾ, ಕೊಡದ ಮ್ಯಾಲೆ ಕಾಲಿಡಬ್ಯಾಡ್ರಿ, ಇನ್ನಾ ಬಿಸಿ ಐತಿ ಹೆಸರು!”

ಲಾರಿ ಕುಲುಕುತ್ತದೆ, ಪಾತ್ರೆಗಳು ಗಡಗಡ ಎನ್ನುತ್ತವೆ. ಗುಲ್ಜಾರ್ ಬೀಯವರ ಮಡಿಲಲ್ಲಿ ನೀರು ತುಂಬಿ ಬಾಯಿಗೆ ಬಟ್ಟೆ ಕಟ್ಟಿದ ಆ ತಂಬಿಗೆ. ಒಂಬತ್ತೂ ಮುಕ್ಕಾಲಿಗೆ ಕೂಡ್ಲಿಗಿಯ ಪರೀಕ್ಷಾ ಕೇಂದ್ರದ ಮುಂದೆ ಇಳಿಸಿ ಲಾರಿ ಹೊರಡುವಾಗ ಜಂಬಕ್ಕ ಮೇಲಿನಿಂದ ಕೂಗುತ್ತಾಳೆ: “ಏ ಹುಡುಗಿ, ಅಂಜಬ್ಯಾಡ! ಮಾಸ್ತರೂ ಉಣ್ಣೂದು ನಿಮ್ಮವ್ವ ಹೆಸರು ಹಾಕಿದ ಗಂಗಾಳದಾಗ!”

ಗೇಟು ಮುಚ್ಚುತ್ತದೆ. ಹತ್ತು, ಹನ್ನೊಂದು, ಹನ್ನೆರಡು. ಕಾಂಪೌಂಡಿನ ಹೊರಗೆ ಗುಲ್ಜಾರ್ ಬೀ ನಿಂತೇ ಇದ್ದಾರೆ. ಕೂತರೆ ಒಳಗೆ ಹುಡುಗಿಯ ಪೆನ್ನೂ ಕೂತುಬಿಡುತ್ತದೆ ಎನ್ನುವಂತೆ. ಬಲಗೈ ತನ್ನಷ್ಟಕ್ಕೆ ಸೆರಗಿನ ಅಂಚಿನ ಮೇಲೆ ಟಿಕ್ ಟಿಕ್ ಎಂದು ಬಡಿಯುತ್ತಿದೆ. ಹನ್ನೆರಡೂವರೆಯ ಹೊತ್ತಿಗೆ ಇಸ್ತ್ರಿ ಅಂಗಿಯ ಮಕ್ಕಳು ನಗುತ್ತ ಹೊರಬರುತ್ತಾರೆ. ಬೇಗ ಮುಗಿಸಿದವರೋ, ಬೇಗ ಬಿಟ್ಟವರೋ. ಒಂದಕ್ಕೆ ಗಂಟೆ ಹೊಡೆಯುತ್ತದೆ. ಗುಂಪು ಕರಗುತ್ತದೆ. ಶರ್ಫುನ್ನೀಸಾ ಇಲ್ಲ.

ಎಲ್ಲರಿಗಿಂತ ಕೊನೆಗೆ ಬರುತ್ತಾಳೆ. ಓಢಣಿಯ ತುದಿಗೆ, ಹಣೆಗೆ, ಹೆಬ್ಬೆರಳಿಗೆ ಶಾಯಿ. ತಾಯಿಯ ಮುಂದೆ ನಿಂತು ಉಸಿರು ಎಳೆದುಕೊಳ್ಳುತ್ತಾಳೆ.

“ಅಮ್ಮೀ, ಒಂಬತ್ತು ಕಡೆ ಗೀಟು ಹೊಡದೀನಿ.”

“ಹನ್ನೆರಡನೇದು?”

“ಬರದೆ. ಕಡೀ ಸಾಲು ಬರಿಯಾಕತ್ತಿದ್ದೆ, ಮೇಡಮ್ಮು ಕಾಗದ ಹಿಡಕೊಂಡು ಜಗ್ಗಿದ್ರು. ನಾನೂ ಜಗ್ಗಿ ಫುಲ್‌ಸ್ಟಾಪ್ ಇಟ್ಟ ಕೊಟ್ಟೆ.”

ಗುಲ್ಜಾರ್ ಬೀ ತಂಬಿಗೆಯ ಬಟ್ಟೆ ಬಿಚ್ಚಿ ಮಗಳ ಕೈಗೆ ಕೊಡುತ್ತಾರೆ. ಗಟಗಟ ಕುಡಿಯುವ ಹುಡುಗಿಯ ಬೆರಳ ಸಂದಿಯಿಂದ ದಿಲ್ಲಿ ಕಾಣುತ್ತದೆ, ಮೇಲೆ ಅಡ್ಡ ಗೀಟು, ಪಕ್ಕದಲ್ಲಿ ಕೊಟ್ಟೂರು.

ಫಲಿತಾಂಶಕ್ಕೆ ಇನ್ನೂ ಒಂದೂವರೆ ತಿಂಗಳಿದೆ. ನಾಳೆ ಬೆಳಿಗ್ಗೆ ಮತ್ತೆ ಕಟ್ಟೆ, ಮತ್ತೆ ನಲವತ್ತು ಪಾತ್ರೆ. ಪಾಸಾದರೆ ಏನು ಮಾಡುತ್ತೀರಿ ಎಂದರೆ ಗುಲ್ಜಾರ್ ಬೀ ಈ ಮಾತನ್ನೂ ಮೂರು ಸಲ ಓದಿಕೊಂಡೇ ಹೇಳುತ್ತಾರೇನೋ.

“ಪಾಸಾದ್ರ ಸರ್ಟಿಫಿಕೇಟ್ ಕೊಡ್ತಾರಂತಲ್ರಿ. ಅದರ ಮ್ಯಾಲೆ ಅಕಿ ಹೆಸರು ಬರೀತಾರಂತ. ಹನ್ನೆರಡು ವರ್ಷ ಆತು, ಊರ ಮಂದಿ ಹೆಸರೆಲ್ಲಾ ನಾ ಬರದೀನಿ. ನನ್ನ ಮಗಳ ಹೆಸರು ಒಮ್ಮೆ ಬ್ಯಾರೇದವರು ಕುಂತು ಬರೀಲಿ. ಅಷ್ಟ ನೋಡ್ರಿ.”