ಅವ್ವನ ಬೆರಳಿಗೆ ಕರೆಂಟು

ನಮ್ಮವ್ವ ಮಾನ್ವಿಯ ಗುಡಿಯಲ್ಲಿ ಮಡಿಯುಟ್ಟು ನೈವೇದ್ಯದ ಅಡುಗೆ ಮಾಡುತ್ತಿದ್ದಳು. ಕುದಿಯುವ ಪಾತ್ರೆಯನ್ನು ಅರಿವೆ, ಇಕ್ಕಳ ಏನೂ ಇಲ್ಲದೆ ಬರಿಗೈಯಲ್ಲೇ ಇಳಿಸುವಳು. ‘ಕೈ ಅಂದ್ರ ಹೀಂಗಿರಬೇಕು’ ಎಂದು ಹೆಂಗಸರು ಹೊಗಳಿದರೆ ಹಿಗ್ಗುವಳು. ದೇವದುರ್ಗದಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಾನು ಎಂಬತ್ತರ ದಶಕದ ಒಂದು ಬೇಸಿಗೆ ರಜೆಗೆ ಹೋದಾಗ ಅವಳ ಬಲಗೈ ನೋಡಿದೆ. ಬೆರಳ ತುದಿಗಳೆಲ್ಲ ಬೊಬ್ಬೆ.

‘ಉರಿಯಂಗಿಲ್ಲೇನವ್ವಾ?’

‘ಉರೀತದಪ್ಪಾ, ಯಾಕ ಉರಿಯಂಗಿಲ್ಲ?’ ಎನ್ನುತ್ತ ಅದೇ ಬೆರಳಿಂದ ಹುಣಸೆಹಣ್ಣು ಕಿವುಚುತ್ತಿದ್ದಳು.

ನನಗೆ ಸಂಶಯ ಬಂದು ಅವಳನ್ನು ಹೊರಡಿಸಿಕೊಂಡು ರಾಯಚೂರಿಗೆ ಹೋದೆ. ಅಲ್ಲಿನ ಡಾಕ್ಟರ ಬಳಿ ರೇಡಿಯೊದಷ್ಟು ದೊಡ್ಡ ಮಷೀನಿತ್ತು. ತಂತಿಯನ್ನು ಬೆರಳಿಗೆ ಅಂಟಿಸಿ ಸ್ವಲ್ಪ ಸ್ವಲ್ಪವೇ ಕರೆಂಟು ಬಿಡುತ್ತಿದ್ದರು.

‘ಸಣ್ಣ ಕರೆಂಟಿಗೆ ಮುಟ್ಟಿದ್ದು ತಿಳಿಸೋ ನರ ಮೊದ್ಲು ಏಳ್ತದ, ಚುಮುಚುಮು ಅಂತದ. ಹೆಚ್ಚು ಮಾಡಿದ್ರ ನೋವಿನ ನರಾನೂ ಏಳ್ತದ, ಆಗ ಚುಚ್ಚತದ. ಚರ್ಮದಾಗ ಯಾವ ನರ ಮಲಗ್ಯಾವು ಅಂತ ಹೀಂಗ ಗೊತ್ತಾಗ್ತದ್ರಿ’ ಎಂದರು.

ಕೇಳಲು ಚೆನ್ನಾಗಿತ್ತು. ಆದರೆ ನರದ ಸುದ್ದಿ ಮಷೀನು ಹೇಳುವುದಿಲ್ಲ, ಅವ್ವನೇ ಹೇಳಬೇಕು. ಅವ್ವನೋ ಕೋಲೆಬಸವ. ದೊಡ್ಡವರು ಏನು ಕೇಳಿದರೂ ಹೂಂ.

‘ಚುಮುಚುಮು ಅಂತದೇನ್ರಿ?’

‘ಹೂಂರಿ.’

‘ಚುಚ್ಚತದೇನು?’

‘ಹೂಂರಿ, ಚುಚ್ಚತದ್ರಿ.’

ಎಲ್ಲ ಸರಿಯಿದೆ ಎಂದು ಕಳಿಸಿದರು. ಮುಂದಿನ ವಾರ ಮತ್ತೆ ಕೈ ಸುಟ್ಟುಕೊಂಡಳು. ಮತ್ತೆ ಬಸ್ಸು, ಮತ್ತೆ ಮಷೀನು, ಮತ್ತೆ ಹೂಂರಿ. ‘ನಿಮ್ಮವ್ವಗೇನೂ ಆಗಿಲ್ರೀ ಮಾಸ್ತರ, ನಿಮಗ ಸಂಶಯದ ರೋಗ’ ಎಂದು ಡಾಕ್ಟರು ನಕ್ಕಾಗ ನನಗೆ ಪಿತ್ತ ನೆತ್ತಿಗೇರಿತು. ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕರೆಂಟು ಬಂದ್ ಮಾಡಿ ಕೇಳಿ ನೋಡಿ ಎಂದು ಅವರಿಗೆ ಸನ್ನೆ ಮಾಡಿದೆ. ಡಾಕ್ಟರು ಒಲ್ಲದ ಮನಸ್ಸಿನಿಂದ ಬಟನ್ ಆರಿಸಿದರು.

‘ಈಗ ಹ್ಯಾಂಗದ್ರಿ ಯವ್ವಾ?’

‘ಭಾಳ ಚುಚ್ಚತದ್ರಿ.’

ಡಾಕ್ಟರ ನಗು ಹೋಯಿತು. ನಾನು ಆಸ್ಪತ್ರೆ ಅನ್ನುವುದನ್ನೂ ಮರೆತು ಕಿರುಚಿದೆ. ‘ಸುಳ್ಳ್ಯಾಕ ಹೇಳ್ತೀಬೇ?’

ಅವ್ವ ಎದ್ದು ಕೂತಳು. ‘ಕೈಗಿ ಸ್ಪರ್ಶ ಇಲ್ಲ ಅಂದ್ರ ದೊಡ್ಡ ರೋಗ, ಕುಷ್ಠ ಅಂತಾರ. ಗುಡಿ ಅಡಗಿಮನಿ ಹೊಸ್ತಿಲಾ ತುಳಸಂಗಿಲ್ಲ. ಆಮ್ಯಾಲೆ ನಾ ಏನ್ ಮಾಡ್ಲಿ? ಗ್ವಾಡಿ ನೋಡ್ಕೋತ ಕೂಡ್ಲೇನು?’

ನನಗಿನ್ನೂ ಸಿಟ್ಟೇ ಇತ್ತು. ಡಾಕ್ಟರು ಮಾತ್ರ ಮೆತ್ತಗೆ ಹೇಳಿದರು, ‘ಯಾವ ರೋಗ ಇದ್ರೂ ಗುಳಿಗಿ ಅದಾವ್ರಿ. ಖರೇ ಹೇಳಿದ್ರ ಕೈ ಉಳೀತದ.’ ಮತ್ತೆ ತಂತಿ ಅಂಟಿಸಿ ಕರೆಂಟು ಬಿಟ್ಟರು.

‘ಈಗ?’

ಅವ್ವ ನನ್ನ ಮುಖ ನೋಡಿದಳು. ‘ಇಲ್ರಿ.’

ಹೆಚ್ಚಿಸಿದರು. ‘ಇಲ್ರಿ.’

ಇನ್ನೂ ಹೆಚ್ಚಿಸಿದರು. ‘ಇಲ್ರಿ.’

ಈ ಮಾತು ಕೇಳಲೆಂದೇ ಇಷ್ಟು ಬಸ್ಸು ಹತ್ತಿ ಇಳಿದಿದ್ದೆ, ಅವಳ ಮೇಲೆ ಹರಿಹಾಯ್ದಿದ್ದೆ. ಈಗ, ಒಂದೇ ಒಂದು ಸಲ, ಹೂಂ ಅನ್ನಬಾರದೇ ಅನ್ನಿಸಿತು.