ಬ್ಯಾಟರಿಗೆ ಸಾಕೆನ್ನುವ ಡಬ್ಬಿ

ಲಕ್ಷ್ಮೇಶ್ವರದ ಆ ಓಣಿಗೆ ಬಿಸಿಲು ಬೀಳುವುದೇ ತಡ, ಅಮೀರಾ ಗೋಡೆಗೆ ಒರಗಿಸಿದ ಸೋಲಾರ್ ಪ್ಲೇಟನ್ನು ಪೂರ್ವಕ್ಕೆ ತಿರುಗಿಸುತ್ತಾರೆ. ಮೀಟರಿನ ಎರಡು ಕಡ್ಡಿಗಳನ್ನು ಅಂಗೈ ಅಗಲದ ಡಬ್ಬಿಯೊಂದಕ್ಕೆ ತಾಗಿಸಿ, ಅಂಕಿ ಏರುವುದನ್ನೇ ನೋಡುತ್ತ ಕೂರುತ್ತಾರೆ. ಚಹಾ ಆಮೇಲೆ.

"ಬ್ಯಾಟರಿ ಹೊಟ್ಟಿ ಇದ್ದಾಂಗರಿ. ತುಂಬಿದ ಮ್ಯಾಲೂ ತುರುಕಿದ್ರ ಕೆಡತೈತಿ, ಪೂರಾ ಖಾಲಿ ಮಾಡಿದ್ರೂ ಕೆಡತೈತಿ. ಸಾಕು ಅನ್ನೂದು ಈ ಡಬ್ಬಿ ಕೆಲಸ."

ಐವತ್ತೆರಡರ ಅಮೀರಾ ಓದಿದ್ದು ಏಳನೇ ಇಯತ್ತೆ. ರೇಡಿಯೊ ರಿಪೇರಿ ಮಾಡುತ್ತಿದ್ದ ತಂದೆ ಉಸ್ಮಾನಸಾಬರ ಕಣ್ಣು ಮಂಜಾದಾಗ ಬೆಸುಗೆ ಕೆಲಸ ಮಗಳ ಕೈಗೆ ಬಂತು. ಹಳ್ಳಿಗಳಿಗೆ ಸೋಲಾರ್ ದೀಪ ಬಂದ ಮೇಲೆ, ವರ್ಷ ತುಂಬುವ ಮೊದಲೇ ಸತ್ತ ಬ್ಯಾಟರಿಗಳು ಅಂಗಡಿಗೆ ಬರತೊಡಗಿದವು. ಅವನ್ನು ಕಾಯುವ ಒಳ್ಳೆಯ ಯಂತ್ರ ಪೇಟೆಯಲ್ಲಿತ್ತು, ಬಡವರ ಕೈಗೆ ಎಟುಕುತ್ತಿರಲಿಲ್ಲ. ಕೆಟ್ಟ ಟಿವಿ, ಯುಪಿಎಸ್‌ಗಳ ಬಿಡಿಭಾಗ ಕಿತ್ತು ಅಮೀರಾ ತಾವೇ ಜೋಡಿಸಿದರು. ಈಗ ದಿನಕ್ಕೆ ಮೂರು ಡಬ್ಬಿ ತಯಾರಾಗುತ್ತವೆ. ಶಿರಹಟ್ಟಿ, ಮುಂಡರಗಿ ಕಡೆಯ ಇನ್ನೂರಕ್ಕೂ ಹೆಚ್ಚು ಮನೆಗಳಲ್ಲಿ ಅವು ದುಡಿಯುತ್ತಿವೆ.

ಮೊದಲ ಹನ್ನೊಂದು ಡಬ್ಬಿಗಳ ಮಾತು ಬಂದರೆ ಮಾತ್ರ ಅವರ ದನಿ ತಗ್ಗುತ್ತದೆ. ಡೋಣಿ ಎಂಬ ಊರಿನಲ್ಲಿ ಕುರಿ ಸಾಕುವ ಕರಿಯವ್ವನ ಹಟ್ಟಿಗೆ ಕೊಟ್ಟದ್ದು, ಬೇಸಿಗೆಯಲ್ಲಿ ತಗಡಿನ ಚಾವಣಿಯ ಕಾವಿಗೆ ಒಳಗೇ ಸುಟ್ಟುಹೋಯಿತು. ತುಂಬಿದ ಮೇಲೂ ಚಾರ್ಜು ತಡೆಯುವವರಿಲ್ಲದೆ ಬ್ಯಾಟರಿಯ ನೀರು ಬತ್ತಿ, ದೀಪ ಆರಿತು. ಆ ಕತ್ತಲಲ್ಲಿ ತೋಳ ಎರಡು ಮರಿ ಒಯ್ದಿತು. ಖಬರು ಮುಟ್ಟಿದ ದಿನವೇ ಅಮೀರಾ ಬಸ್ಸು ಬದಲಿಸಿ ಬದಲಿಸಿ ಡೋಣಿಗೆ ಹೋದರು.

"ತಪ್ಪು ನಂದ ಐತಿ ಯವ್ವಾ. ಬಿಸಲಿನ ಲೆಕ್ಕ ಹಿಡೀಲಿಲ್ಲ" ಎಂದರು.

ಕರಿಯವ್ವ ಬೈಯಲಿಲ್ಲ. ಕುಡಿಯಲು ನೀರು ಕೊಟ್ಟು, "ತಪ್ಪು ಯಾರದಂತ ತ್ವಾಳ ಕೇಳೂದಿಲ್ಲವ್ವಾ. ಇನ್ನೊಂದು ಗಟ್ಟಿದು ಮಾಡಿ ತಾ" ಎಂದರಂತೆ.

ಉಳಿದ ಹತ್ತನ್ನೂ ಅಮೀರಾ ಊರೂರು ತಿರುಗಿ ವಾಪಸು ತಂದರು. ಎರಡು ತಿಂಗಳು ಒಂದನ್ನೂ ಮಾರಲಿಲ್ಲ. ಹಳೆಯ ಅಲ್ಯೂಮಿನಿಯಂ ಪಾತ್ರೆ ಕತ್ತರಿಸಿ, ಕಾವು ಹೀರಿ ಹೊರಗೆ ಬಿಡುವ ಪಟ್ಟಿ ಕೂರಿಸಿ, ಮಟಮಟ ಮಧ್ಯಾಹ್ನ ತಮ್ಮ ಮನೆಯ ತಗಡಿನ ಮೇಲಿಟ್ಟು ಪರೀಕ್ಷಿಸಿದರು. ಆ ಡಬ್ಬಿ ಕರಿಯವ್ವನ ಹಟ್ಟಿಯಲ್ಲಿ ನಾಲ್ಕು ಬೇಸಿಗೆ ದಾಟಿದೆ. ಬ್ಯಾಟರಿ ಬದಲಾಗಿಲ್ಲ.

ಅಮೀರಾ ಡಬ್ಬಿಗೆ ಅಂಟು ಹಾಕಿ ಮುಚ್ಚುವುದಿಲ್ಲ, ನಾಲ್ಕು ಸ್ಕ್ರೂ ಅಷ್ಟೇ. ಯಾರಾದರೂ ಬಿಚ್ಚಿ ನಕಲು ಮಾಡಿದರೆ ಎಂದು ಕೇಳಿದರೆ ನಗುತ್ತಾರೆ.

"ಮಾಡ್ಲಿ ಬಿಡ್ರಿ. ಊರಿಗೊಬ್ರರ ಇದನ್ನ ಕಲೀಬೇಕು ಅನ್ನೂದ ನನ್ನ ಆಸೆ. ಹ್ವಾದ ವಾರ ಕರಿಯವ್ವ ತಾನ ಬಿಚ್ಚಿ ಹೊಸಾ ಫ್ಯೂಸ್ ಹಾಕ್ಕೊಂಡಾಳ. ನನಗ ಒಂದ ಫೋನ್ ಸೈತ ಮಾಡ್ಲಿಲ್ಲರಿ."