ಹತ್ತನೇ ಕ್ಲಾಸಿಗೆ ನ್ಯೂ ಟೌನ್

ಮೊನ್ನೆ ಪಕ್ಕದ ಮನೆಯ ಹುಡುಗಿ ಫೋನು ಹಿಡಿದುಕೊಂಡೇ ನಮ್ಮ ಅಡುಗೆಮನೆಗೆ ಬಂದು ನಿಂತಳು. ಮೆಡಿಕಲ್ ಸೀಟು ಹಂಚಿಕೆಯ ಫಲಿತಾಂಶ ಇನ್ನೇನು ಬರುವುದಿತ್ತು. ಅವಳ ಮುಖ ನೋಡುತ್ತಾ ಒಗ್ಗರಣೆ ಸೀಯಿಸಿಬಿಟ್ಟೆ. ಈಗ ಎಲ್ಲ ಅಂಗೈಯಲ್ಲೇ ಮುಗಿದುಹೋಗುತ್ತದೆ, ನೋಡಿ. ನಮ್ಮ ಕಾಲದಲ್ಲಿ ಕೌನ್ಸೆಲಿಂಗಿಗೆ ಬೆಂಗಳೂರಿಗೇ ಹೋಗಬೇಕಿತ್ತು. ನಾನು ಅಪ್ಪನ ಜೊತೆ ಹೋಗಿದ್ದೆ.

ಅಮ್ಮ ನಾನು ಕೂಸಾಗಿದ್ದಾಗಲೇ ತೀರಿಕೊಂಡಳು. ಅಪ್ಪನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಕೂಸನ್ನು ನೋಡಿಕೊಳ್ಳುವವರು ಯಾರು? ಗಾಜನೂರು ಎಂಬ ಹಳ್ಳಿಯಲ್ಲಿ ಅವರ ತಾಯಿ, ನನ್ನ ಅಜ್ಜಿ, ನನ್ನನ್ನು ಸಾಕಿದಳು. ಒಂಬತ್ತನೇ ಕ್ಲಾಸಿನವರೆಗೆ ಅಲ್ಲೇ ಓದಿದೆ. ವಾರದ ರಜೆಗೆ ಬರುತ್ತಿದ್ದ ಅಪ್ಪ ಎದುರಿಗೆ ಕೂರಿಸಿಕೊಂಡು ಮಗ್ಗಿ ಕೇಳುತ್ತಿದ್ದರು. ನಾನು ಬೀಜಗಣಿತಕ್ಕೆ ಬಂದ ಮೇಲೂ ಅದೇ ಮಗ್ಗಿ. ಮಗಳ ಹತ್ತಿರ ಬೇರೇನು ಮಾತಾಡಬೇಕೆಂದು ಅವರಿಗೆ ತೋಚುತ್ತಿರಲಿಲ್ಲವೋ ಏನೋ.

ಹತ್ತನೇ ಕ್ಲಾಸಿಗೆ ನನ್ನನ್ನು ಭದ್ರಾವತಿ ನ್ಯೂ ಟೌನಿನ ಕಾರ್ಖಾನೆ ಕ್ವಾರ್ಟರ್ಸಿಗೆ ಕರೆದೊಯ್ಯಲು ಬಂದರು.

“ಇನ್ನೊಂದ್ ವರ್ಷ ಇಲ್ಲೇ ಇರ್ಲಿ ಬಿಡೋ. ಕಾಲೇಜಿಗೆ ಕರ್ಕೊಂಡ್ ಹೋಗುವಂತೆ,” ಎಂದಳು ಅಜ್ಜಿ.

“ಅಲ್ಲಿ ಮೇಷ್ಟ್ರುಗಳು ಚೆನ್ನಾಗಿದಾರಮ್ಮ. ಪಬ್ಲಿಕ್ ಪರೀಕ್ಷೆ ಬೇರೆ,” ಎಂದರು ಅಪ್ಪ.

ಅಜ್ಜಿ ಹಾಕುತ್ತಿದ್ದ ಎರಡು ಜಡೆ ನನಗೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಪ್ಪನೇ ಕಲಿತರು. ಒಂದು ಜಡೆ ಯಾವಾಗಲೂ ಕಿವಿಯ ಮೇಲಿಂದಲೇ ಶುರುವಾಗುತ್ತಿತ್ತು. ನಾನು ಹಾಗೇ ಶಾಲೆಗೆ ಹೋಗುತ್ತಿದ್ದೆ.

ಡಾಕ್ಟರಾಗಬೇಕೆಂಬುದು ನನ್ನ ಹುಚ್ಚು. ನನ್ನ ರ‍್ಯಾಂಕಿಗೆ ಸಾಮಾನ್ಯ ಸೀಟು ದೂರದ ಮಾತು. ಹಳ್ಳಿ ಶಾಲೆಯವರಿಗೆ ಮೀಸಲಿದ್ದ ಗ್ರಾಮೀಣ ಕೋಟಾದಲ್ಲಿ ಸಿಗುವುದಿತ್ತು. ಕೌನ್ಸೆಲಿಂಗಿನಲ್ಲಿ ದಾಖಲೆ ನೋಡುತ್ತಿದ್ದವರು ತಲೆ ಎತ್ತಿ, “ಹತ್ತನೇ ಕ್ಲಾಸು ಹಳ್ಳೀಲಿ ಓದಿಲ್ವೇನಮ್ಮಾ?” ಎಂದರು.

“ಇಲ್ಲ ಸರ್, ನ್ಯೂ ಟೌನಲ್ಲಿ.”

“ಹಂಗಾದ್ರೆ ಬರಲ್ಲ. ಹತ್ತೂ ವರ್ಷ ಹಳ್ಳೀಲೇ ಓದಿರ್ಬೇಕು.”

“ಒಂದೇ ವರ್ಷ ಅಲ್ವಾ ಸರ್ ಕಮ್ಮಿ?” ಅಪ್ಪನ ಧ್ವನಿ ಸಣ್ಣಗಾಗಿತ್ತು.

ಅವರೇನೂ ಗದರಲಿಲ್ಲ. “ನಿಯಮ ನಾನು ಮಾಡಿದ್ದಲ್ಲ ಯಜಮಾನ್ರೇ,” ಎಂದರು.

ಒಳಗೆ, ಉಳಿದ ಸೀಟುಗಳನ್ನು ತೋರಿಸುವ ಪರದೆಯಲ್ಲಿ ಗ್ರಾಮೀಣ ಕೋಟಾದ ಮೆಡಿಕಲ್ ಸೀಟು ಇನ್ನೂ ಇತ್ತು. ಅಪ್ಪ ಅದನ್ನೇ ನೋಡುತ್ತಾ ನಿಂತಿದ್ದರು. ಸರದಿ ಬಂದಾಗ ನಾನು ಸಿವಿಲ್ ಇಂಜಿನಿಯರಿಂಗ್ ಎಂದೆ. ಈಗ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತೇನೆ. ಮನೆಯಲ್ಲಿ ಯಾರಾದರೂ ಸೀನಿದರೆ ಮಾತ್ರ ನನ್ನೊಳಗಿನ ಡಾಕ್ಟರು ಎದ್ದು ಕೂರುತ್ತಾಳೆ, ಯಾರೂ ಅವಳ ಮಾತು ಕೇಳುವುದಿಲ್ಲ.

ಅವತ್ತು ವಾಪಸು ಬರುವಾಗ ಬಸ್ಸು ತುಮಕೂರು ದಾಟಿತು. ಆಮೇಲೆ ಅಪ್ಪ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು: “ಮೇಷ್ಟ್ರು ಗೀಷ್ಟ್ರು ಏನಲ್ಲ ಮಗಾ. ಶಿಫ್ಟ್ ಮುಗಿಸಿ ಖಾಲಿ ಮನೆಗೆ ಬಂದು ಬಂದು ಸಾಕಾಗಿತ್ತು. ಇನ್ನೊಂದು ವರ್ಷ ತಡ್ಕೋಬೇಕಿತ್ತು. ಆಗ್ಲಿಲ್ಲ.”

ನನಗೆ ಅಳುವಿಗಿಂತ ಸಿಟ್ಟು ಬಂದಿತ್ತು. ಅಪ್ಪ ಹೋದ ಮೇಲೂ ಆ ಸಿಟ್ಟು ಪೂರ್ತಿ ಹೋಗಿರಲಿಲ್ಲ ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ.

ಪಕ್ಕದ ಮನೆಯ ಹುಡುಗಿಗೆ ಸೀಟು ಸಿಕ್ಕಿತು, ಬೀದರಿನಲ್ಲಿ. ಸಂಜೆ ಅವಳ ಅಪ್ಪ ಮೈಸೂರ್‌ಪಾಕ್ ಹಿಡಿದು ಬಂದರು. ಕೊಟ್ಟ ಮೇಲೂ ಬಾಗಿಲಲ್ಲೇ ನಿಂತಿದ್ದರು.

“ಬೀದರ್ ತುಂಬ ದೂರ ಅಲ್ವಾ ಮೇಡಂ? ಇಲ್ಲೇ ಹತ್ತಿರ ಬೇರೆ ಏನಾದ್ರೂ ಓದು ಅಂದ್ಬಿಡ್ಲಾ ಅನ್ಸುತ್ತೆ.”

ಇಂಥವರಿಗೆ ಬುದ್ಧಿ ಹೇಳುವುದೇ ನನ್ನ ಕಸುಬು. ಅವತ್ತು ಒಳಗೆ ಬನ್ನಿ ಎಂದು ಕುರ್ಚಿ ಎಳೆದುಕೊಟ್ಟೆ. ಅಪ್ಪನಿಗೆ ತಡೆದುಕೊಳ್ಳಲಾಗದ ಆ ಒಂದು ವರ್ಷವನ್ನೇ ಇಷ್ಟು ಕಾಲ ಹಿಡಿದು ಕೂತಿದ್ದೆ. ಅದಕ್ಕೆ ಮೊದಲು ಹದಿನಾಲ್ಕು ವರ್ಷ ಅವರು ತಡೆದುಕೊಂಡಿದ್ದರು.